ಪಾಸ್ತಾ ಬಸಿದ ತೆಳಿ ಚೆಲ್ಲಬೇಡಿ

(22 ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ, ಈಗ ಮಲ್ಪೆಯಲ್ಲಿ ನೆಲೆಸಿರುವ ನಮ್ಮ ಅಂಕಣಕಾರರಿಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇಟಲಿಯ ಅಡುಗೆಯ ಬಗ್ಗೆ.)

ಪ್ರ: ಆಫೀಸಿನಿಂದ ಮನೆಗೆ ಬರುವಾಗ ಸಂಜೆ ಏಳು. ಮಕ್ಕಳಿಗೆ ವಾರಕ್ಕೆ ಎರಡು ದಿನವಾದರೂ ಪಾಸ್ತಾ ಬೇಕು. ನಾನು ಮಾಡಿದ್ದು ಮುದ್ದೆಯಾಗುತ್ತದೆ. ಬೆಂದ ಮೇಲೆ ತಣ್ಣೀರಿನಲ್ಲಿ ತೊಳೆದು ಎಣ್ಣೆ ಸವರಿಟ್ಟರೂ ಅಷ್ಟೇ.
– ಬ್ಯಾಂಕ್ ಉದ್ಯೋಗಿ, ಬ್ರಹ್ಮಾವರ

ಉ: ಮುದ್ದೆಗೆ ತಣ್ಣೀರು ಮದ್ದಲ್ಲ, ತಂಗಿ, ಅದು ಇನ್ನೊಂದು ತಪ್ಪು. ನಾಚಿಕೆ ಬೇಡ, ಹಡಗು ಹತ್ತಿದ ಮೊದಲ ವರ್ಷ ನಾನೂ ಅದನ್ನೇ ಮಾಡಿದವ. ಜೆನೋವಾ ಬಂದರಿನಲ್ಲಿ ನಿಂತಿದ್ದಾಗ ಆ ಊರಿನ ಅಡುಗೆಯವನೊಬ್ಬ ನಮ್ಮ ಅಡುಗೆಮನೆಗೆ ಬಂದಿದ್ದ. ನಾನು ಪಾಸ್ತಾವನ್ನು ನಲ್ಲಿಯ ಕೆಳಗೆ ಹಿಡಿದದ್ದು ನೋಡಿ ಅವನ ಮುಖ ಹೇಗಾಯಿತೆಂದರೆ, ನೀರುದೋಸೆ ಹಿಟ್ಟಿಗೆ ಯಾರಾದರೂ ಸೋಡಾ ಹಾಕಿದರೆ ನಮ್ಮ ಮುಖ ಆಗುತ್ತದಲ್ಲ, ಹಾಗೆ.

ಪಾಸ್ತಾದ ಮೇಲಿನ ಪಿಷ್ಟವೇ ಅದರ ಅಂಟು, ಅದರ ರುಚಿ. ತೊಳೆದರೆ ಅದು ಹೋಯಿತು, ಸಾಸ್ ಜಾರಿ ತಟ್ಟೆಯ ತಳ ಸೇರಿತು. ಎಣ್ಣೆ ಸವರಿದರೆ ಇನ್ನೂ ಜಾರುತ್ತದೆ. 100 ಗ್ರಾಂ ಪಾಸ್ತಾಕ್ಕೆ ಒಂದು ಲೀಟರ್ ನೀರು, 10 ಗ್ರಾಂ ಉಪ್ಪು, ಅಂದರೆ ಎರಡು ಟೀ ಚಮಚಕ್ಕೆ ತುಸು ಕಡಿಮೆ. ನೀರು ಕೊತಕೊತ ಕುದಿದ ಮೇಲೆಯೇ ಪಾಸ್ತಾ ಹಾಕಿ, ಮೊದಲ ಎರಡು ನಿಮಿಷ ಕೈ ಬಿಡದೆ ತಿರುಗಿಸಿ. ಮುದ್ದೆಯಾಗುವುದು ಆಗಲೇ.

ನೀರು ಕಾಯುವಷ್ಟರಲ್ಲಿ ಸಾಸ್ ಮುಗಿಯುತ್ತದೆ. ನಾಲ್ಕು ಜನರಿಗೆ ಆರು ಎಸಳು ಬೆಳ್ಳುಳ್ಳಿಯನ್ನು ತೆಳ್ಳಗೆ ಹೆಚ್ಚಿ. ಆರು ದೊಡ್ಡ ಚಮಚ ಆಲಿವ್ ಎಣ್ಣೆಯನ್ನು ಬಾಣಲೆಗೆ ಹಾಕಿ, ಎಣ್ಣೆ ತಣ್ಣಗಿರುವಾಗಲೇ ಬೆಳ್ಳುಳ್ಳಿ ಸೇರಿಸಿ, ಸಣ್ಣ ಉರಿ. ಒಗ್ಗರಣೆಯ ಅಭ್ಯಾಸದವರಿಗೆ ಇಲ್ಲಿ ಕೈ ತಡೆಯುವುದು ಕಷ್ಟ. ಬೆಳ್ಳುಳ್ಳಿ ಕಂದಾದರೆ ಕಹಿ. ಮುರಿದ ಒಣಮೆಣಸು ಎರಡು, ಬ್ಯಾಡಗಿಯಲ್ಲ, ಅದು ಬಣ್ಣಕ್ಕೆ, ಖಾರದ್ದು ಬೇಕು. ಪ್ಯಾಕೆಟಿನಲ್ಲಿ ಬರೆದ ಸಮಯಕ್ಕಿಂತ ಎರಡು ನಿಮಿಷ ಮೊದಲೇ ಪಾಸ್ತಾ ತೆಗೆದು ಬಾಣಲೆಗೆ ಹಾಕಿ, ಒಂದು ಸೌಟು ಆ ಬಸಿದ ನೀರು ಹೊಯ್ದು ಜೋರಾಗಿ ಕಲಸಿ. ನೀರೂ ಎಣ್ಣೆಯೂ ಸೇರಿ ಗಂಜಿಯ ತೆಳಿಯಂತೆ ಬಿಳಿ ಹೊಳಪಾಗುತ್ತದೆ. ಕುಚ್ಚಲಕ್ಕಿ ತೆಳಿಗೆ ಉಪ್ಪು ಹಾಕಿ ಕುಡಿದು ಬೆಳೆದ ನಾವು ಈ ತೆಳಿಯನ್ನು ಸಿಂಕಿಗೆ ಹೊಯ್ಯುವುದು ನನಗಂತೂ ಅರ್ಥವಾಗದ ವಿಷಯ. ನೇಪಲ್ಸಿನವರ ರಾತ್ರಿ ಊಟ ಇದು. ಚೀಸ್ ಇಲ್ಲ, ಕೆನೆ ಇಲ್ಲ. ವೈಟ್ ಸಾಸ್ ಬೇಕೆಂದು ಮಕ್ಕಳು ಹಟ ಮಾಡಿದರೆ ಆ ದಿನ ಚಪಾತಿ ಮಾಡಿ.

ಪ್ರ: ಆಲಿವ್ ಎಣ್ಣೆ ದುಬಾರಿ. ತೆಂಗಿನೆಣ್ಣೆ ಆಗದೇ?
– ಓದುಗರು, ಕುಂದಾಪುರ

ಉ: ಆಗುತ್ತದೆ. ಅದು ಶ್ಯಾವಿಗೆ ಒಗ್ಗರಣೆಯಾಗುತ್ತದೆ.

ಪ್ರ: ನಮ್ಮದು ಸಂಪ್ರದಾಯದ ಮನೆ, ಬೆಳ್ಳುಳ್ಳಿ, ಈರುಳ್ಳಿ ಇಲ್ಲ. ಸೊಸೆ ಬೆಂಗಳೂರಿನವಳು, ಪಾಸ್ತಾ ಇಷ್ಟ. ಚೀಸ್‌ನಲ್ಲಿ ಏನೇನೋ ಇರುತ್ತದೆ ಎನ್ನುತ್ತಾರಲ್ಲ?
– ಅತ್ತೆ, ರಥಬೀದಿ ಹತ್ತಿರ, ಉಡುಪಿ

ಉ: ಸರಿಯಾಗಿ ಕೇಳಿದಿರಿ, ಅಮ್ಮ. ಇಟಲಿಯ ಅಸಲಿ ಪಾರ್ಮಿಜಾನೋ ಚೀಸಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಲ್ಲಿ. ಅಲ್ಲಿನ ನಿಯಮವೇ ಹಾಗೆ. ಇಲ್ಲಿ ತಯಾರಾದ ಕೆಲವು ಚೀಸ್‌ಗಳಿಗೆ ಆ ತೊಂದರೆ ಇಲ್ಲ, ಹಸಿರು ಚುಕ್ಕೆ ನೋಡಿ ಕೊಳ್ಳಿ. ಆದರೆ ಚೀಸ್ ಯಾಕೆ ಬೇಕು? ದಕ್ಷಿಣ ಇಟಲಿಯ ಬಡವರು ಚೀಸ್ ಬದಲು ಒಣ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಮೇಲೆ ಉದುರಿಸುತ್ತಿದ್ದರು.

ನಿಮ್ಮ ಊರಲ್ಲಿ ಮಟ್ಟುಗುಳ್ಳ ಉಂಟಲ್ಲ, ಅದನ್ನು ಬಳಸಿ. ಸಿಸಿಲಿಯ ಕತಾನಿಯಾದವರು ಬದನೆ ಹುರಿದು ಟೊಮೆಟೊ ಸಾಸಿಗೆ ಸೇರಿಸಿ ಪಾಸ್ತಾದೊಂದಿಗೆ ತಿನ್ನುತ್ತಾರೆ, ನೋರ್ಮಾ ಎಂದು ಹೆಸರು. ಗುಳ್ಳ ಬೇಗ ಕರಗುವ ಜಾತಿ. ದೊಡ್ಡ ಹೋಳು ಮಾಡಿ, ಬೇರೆಯೇ ಹುರಿದು, ಕೊನೆಗೆ ಸೇರಿಸಿ. ಟೊಮೆಟೊಗೆ ಎಣ್ಣೆ, ಉಪ್ಪು, ಬೇಸಿಲ್ (ಕಾಮಕಸ್ತೂರಿ) ಎಲೆ ಸಾಕು, ಬೆಳ್ಳುಳ್ಳಿ ಇಲ್ಲದೆಯೂ ಚೆನ್ನ. ಮನೆಯಲ್ಲೇ ನಿಂಬೆ ಹಿಂಡಿ ಒಡೆಸಿದ ಪನೀರಿಗೆ ಉಪ್ಪು ಬೆರೆಸಿ, ಭಾರ ಹೇರಿ ಒಂದು ರಾತ್ರಿ ಇಟ್ಟು ತುರಿದರೆ ಅವರು ನೋರ್ಮಾದ ಮೇಲೆ ತುರಿದು ಹಾಕುವ ಉಪ್ಪು ರಿಕೋಟಾ ಚೀಸಿನ ಹತ್ತಿರ ಬರುತ್ತದೆ.

ಪ್ರ: ಪೆಸ್ಟೊಗೆ (ಬೇಸಿಲ್ ಎಲೆಯ ಇಟಲಿ ಚಟ್ನಿಗೆ) ಕಟ್ಟೆಯ ತುಳಸಿ ಹಾಕಬಹುದೇ?
– ಕಾಲೇಜು ವಿದ್ಯಾರ್ಥಿನಿ, ಸುರತ್ಕಲ್

ಉ: ಬೇಡ, ಕಷಾಯದ ರುಚಿ ಬರುತ್ತದೆ, ಅಜ್ಜಿಯ ಬೈಗುಳ ಬೇರೆ. ಅವರ ಬೇಸಿಲ್ ನಮ್ಮ ಕಾಮಕಸ್ತೂರಿಯ ಜಾತಿ, ಫಲೂದಾಕ್ಕೆ ಹಾಕುವ ಬೀಜ ಅದರದ್ದೇ. ಆ ಬೀಜವನ್ನು ಕುಂಡದಲ್ಲಿ ಬಿತ್ತಿ. ನಮ್ಮದರ ಘಾಟು ಹೆಚ್ಚು, ಆದ್ದರಿಂದ ಅರ್ಧ ಎಲೆ, ಅರ್ಧ ಕೊತ್ತಂಬರಿ. ಪೈನ್ ಬೀಜದ ಬದಲು ಗೇರುಬೀಜ. ಮಿಕ್ಸಿ ಬಿಸಿಯಾದರೆ ಎಲೆ ಕಪ್ಪಾಗುತ್ತದೆ, ಸಾಧ್ಯವಾದರೆ ಕಲ್ಲಿನಲ್ಲಿ ಕುಟ್ಟಿ. ಒಲೆಯ ಮೇಲೆ ಇಡಲೇಬೇಡಿ. ಜೆನೋವಾದವರು ಪಾಸ್ತಾ ಬೇಯುವ ನೀರಿನಲ್ಲೇ ಬಟಾಟೆ, ಬೀನ್ಸ್ ಬೇಯಿಸಿ ಪೆಸ್ಟೊ ಕಲಸುತ್ತಾರೆ. ನಾನು ಅಲಸಂಡೆ ಹಾಕುತ್ತೇನೆ.

ಪ್ರ: ಕುಚ್ಚಲಕ್ಕಿಯಲ್ಲಿ ರಿಸೊಟ್ಟೊ (ಇಟಲಿಯವರ ಮೆತ್ತನೆಯ ಅನ್ನ) ಆಗುತ್ತದೆಯೇ?
– ಓದುಗರು, ಕಾರ್ಕಳ

ಉ: ಆಗದು. ಕುಚ್ಚಲಕ್ಕಿಯನ್ನು ಮೊದಲೇ ಬೇಯಿಸಿ ಒಣಗಿಸಿರುತ್ತಾರೆ, ಪಿಷ್ಟ ಗಟ್ಟಿಯಾಗಿ ಕೂತಿರುತ್ತದೆ, ಎಷ್ಟು ಕಲಸಿದರೂ ಬಿಡುವುದಿಲ್ಲ. ಪಾಯಸಕ್ಕೆ ಹಾಕುವ ಸಣ್ಣ ಬೆಳ್ತಿಗೆ ಅಕ್ಕಿ ತೊಳೆಯದೆ ಬಳಸಿ.

ಪ್ರ: ಮರುವಾಯಿ (ಚಿಪ್ಪುಮೀನು) ಸುಕ್ಕ ಬಿಟ್ಟು ಬೇರೇನಾದರೂ ಹೇಳಿ, ಮಾರಾಯ್ರೆ.
– ಉಳ್ಳಾಲ

ಉ: ಸುಕ್ಕ ಬಿಡುವುದು ಯಾಕೆ? ಆದರೂ ಒಂದು ದಿನ ಹೀಗೆ ಮಾಡಿ. ಒಂದು ಕೆ.ಜಿ. ಜೀವಂತ ಮರುವಾಯಿಯನ್ನು ಉಪ್ಪುನೀರಿನಲ್ಲಿ ಎರಡು ಗಂಟೆ ಇಟ್ಟರೆ ಮರಳು ಉಗುಳುತ್ತದೆ. ಮೇಲೆ ಹೇಳಿದ ಬೆಳ್ಳುಳ್ಳಿ ಎಣ್ಣೆಗೆ ಹಾಕಿ ಮುಚ್ಚಿ, ದೊಡ್ಡ ಉರಿ. ಬಾಯಿ ಬಿಟ್ಟ ಕೂಡಲೇ ತೆಗೆಯಿರಿ, ಬಾಯಿ ಬಿಡದ್ದನ್ನು ಎಸೆಯಿರಿ. ಬಿಟ್ಟ ನೀರನ್ನು ಬಟ್ಟೆಯಲ್ಲಿ ಸೋಸಿ ಅದರಲ್ಲೇ ಸ್ಪಗೆಟ್ಟಿ ಕಲಸಿ. ಅದು ಸಮುದ್ರದ ಉಪ್ಪು, ಪಾಸ್ತಾದ ನೀರಿಗೆ ಉಪ್ಪು ಅರ್ಧ ಸಾಕು. ಇಟಲಿಯವರು ಇದಕ್ಕೆ ವೈನ್ ಹಾಕುತ್ತಾರೆ, ನಾನು ಕೊನೆಗೆ ನಾಲ್ಕು ಹನಿ ನಿಂಬೆ. ಚೀಸ್ ಮಾತ್ರ ಬೇಡ.

ಪ್ರ: ಮೇ ತಿಂಗಳ ಸೆಕೆಗೆ ಒಲೆಯ ಹತ್ತಿರ ಹೋಗಲಾಗುವುದಿಲ್ಲ.
– ಗೃಹಿಣಿ, ಕಾಪು

ಉ: ಹಿಂದಿನ ದಿನದ ಪಾವ್ ಹರಿದು ಟೊಮೆಟೊ, ಮುಳ್ಳುಸೌತೆ, ಈರುಳ್ಳಿ, ವಿನೆಗರ್, ಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿಟ್ಟರೆ ತೊಸ್ಕಾನಾದವರ ಪಾಂಜನೆಲ್ಲಾ. ಮಧ್ಯಾಹ್ನದ ಊಟಕ್ಕೆ ಸಾಕು.

ಅದಕ್ಕಿಂತ ಸಿಸಿಲಿಯ ಗ್ರಾನಿಟಾ ಮಾಡಿ, ಪುನರ್ಪುಳಿಯದ್ದು (ಕೋಕಂ). 50 ಗ್ರಾಂ ಒಣ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ಗಂಟೆ ನೆನೆಸಿ, ಹಿಸುಕಿ ಸೋಸಿ, 150 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು. ಬಾಯಿಗೆ ತುಸು ಸಿಹಿ ಹೆಚ್ಚೆನಿಸಬೇಕು, ತಣ್ಣಗಾದಾಗ ಸಿಹಿ ಮಂದವಾಗುತ್ತದೆ; ಸಕ್ಕರೆ ಕಡಿಮೆಯಾದರೆ ಕಲ್ಲಾಗುತ್ತದೆ ಕೂಡ. ಅಗಲ ಸ್ಟೀಲ್ ತಟ್ಟೆಯಲ್ಲಿ ಹೊಯ್ದು ಫ್ರೀಜರಿನಲ್ಲಿಡಿ, ಅರ್ಧ ಗಂಟೆಗೊಮ್ಮೆ ಫೋರ್ಕ್‌ನಿಂದ ಕೆರೆಯಿರಿ. ಮೂರ್ನಾಲ್ಕು ಗಂಟೆಯಲ್ಲಿ ಕೆಂಪು ಹರಳು ಹರಳಾಗಿ ಸಿದ್ಧ. ಸಿಸಿಲಿಯಲ್ಲಿ ಇದನ್ನು ಬೆಳಿಗ್ಗೆ ಮೆತ್ತನೆಯ ಸಿಹಿ ಬನ್ನಿನ ಜೊತೆ ತಿಂಡಿಗೇ ತಿನ್ನುತ್ತಾರೆ. ನಾನು ಬಾಳೆಹಣ್ಣಿನ ಬನ್ಸ್ ಜೊತೆ ತಿಂದು ನೋಡಿದೆ. ಬನ್ಸ್ ಬಿಸಿಯಿದ್ದರೆ ಗ್ರಾನಿಟಾ ಕರಗಿ ಒಳಗೆ ಇಳಿಯುತ್ತದೆ, ಅಂಗಿಗೂ ಇಳಿಯುತ್ತದೆ. ಪುನರ್ಪುಳಿ ಕಲೆ ಹೋಗುವುದಿಲ್ಲ, ಹಳೆಯ ಅಂಗಿ ಹಾಕಿಕೊಳ್ಳಿ.