ಖಾಲಿ ಖಾತೆಯಿಂದ 1,416 ರೂಪಾಯಿ ಕಟ್ ಆದದ್ದು ಹೇಗೆ?

ಪ್ರಶ್ನೆ: ನಾನು ಬೀಡಿ ಕಟ್ಟುವವಳು. ಹಿಂದೆ ಕುಂಬಳೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಖಾಸಗಿ ಬ್ಯಾಂಕಿನಲ್ಲಿ ಸಂಬಳದ ಖಾತೆ ಮಾಡಿಸಿಕೊಟ್ಟಿದ್ದರು. ಫ್ರಿಜ್ ಸಾಲದ ಕಂತು 1,450 ರೂಪಾಯಿ ಅದರಿಂದಲೇ ಹೋಗುತ್ತಿತ್ತು. ಮಳೆಗಾಲದಲ್ಲಿ ಯಜಮಾನರಿಗೆ ಕೆಲಸ ಇರಲಿಲ್ಲ, ಖಾತೆ ಖಾಲಿಯಾಯಿತು. ಈಗ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿದರೆ 590, ಮತ್ತೆ 590, ಆಮೇಲೆ 236. ಒಟ್ಟು ಮೈನಸ್ 1,416. ಇಲ್ಲದ ದುಡ್ಡನ್ನು ಹೇಗೆ ತೆಗೆಯುತ್ತಾರೆ?
– ಓದುಗರು, ಪೆರ್ಲ

ಉತ್ತರ: ತೆಗೆದಿಲ್ಲ ಅಮ್ಮ, ನಿಮ್ಮ ಲೆಕ್ಕಕ್ಕೆ ಬರೆದಿಟ್ಟಿದ್ದಾರೆ. ಮುಂದೆ ದುಡ್ಡು ಬಿದ್ದ ಕೂಡಲೇ ಮುರಿದುಕೊಳ್ಳುತ್ತಾರೆ. ಹಾಗಾಗಿ ಪಿಂಚಣಿಯೋ ಮಕ್ಕಳ ಸ್ಕಾಲರ್‌ಶಿಪ್ಪೋ ಬರುವುದಿದ್ದರೆ ಸದ್ಯಕ್ಕೆ ಬೇರೆ ಖಾತೆ ಕೊಡಿ.

ಇಲ್ಲಿರುವುದು ಎರಡು ಬಗೆಯ ಶುಲ್ಕ. 590 ಅಂದರೆ ಕಂತು ಬೌನ್ಸ್ ಆದದ್ದಕ್ಕೆ 500, ಅದರ ಮೇಲೆ ಶೇ. 18 ಜಿಎಸ್‌ಟಿ 90. ಮೊದಲ ಸಲ ದುಡ್ಡು ಸಿಗದಿದ್ದರೆ ಸಾಲ ಕೊಟ್ಟ ಕಂಪನಿ ಅದೇ ಕಂತಿಗೆ ಇನ್ನೊಮ್ಮೆ ಪ್ರಯತ್ನಿಸುತ್ತದೆ. ಬ್ಯಾಂಕು ಮತ್ತೆ ಶುಲ್ಕ ಹಾಕುತ್ತದೆ. ಕಂಪನಿಯೂ ತನ್ನ ಬೌನ್ಸ್ ಚಾರ್ಜ್ ಸೇರಿಸಿರಬಹುದು, ಸಾಲದ ಸ್ಟೇಟ್‌ಮೆಂಟ್ ಕೇಳಿ ನೋಡಿ. 1,450ರ ಕಂತಿಗೆ ಬ್ಯಾಂಕಿನದೇ 1,180 ದಂಡ! ಖಾತೆಯಲ್ಲಿ ಲಕ್ಷ ಇಟ್ಟವರಿಗೆ ಇಂಥದ್ದೊಂದು ಇದೆಯೆಂದೇ ಗೊತ್ತಿರುವುದಿಲ್ಲ.

236ರದ್ದು ಬೇರೆ ಕಥೆ. ಅದು ಮಿನಿಮಮ್ ಬ್ಯಾಲೆನ್ಸ್ ಇಲ್ಲದ್ದಕ್ಕೆ 200, ಜಿಎಸ್‌ಟಿ 36. ಸಂಬಳ ಬರುವಷ್ಟು ದಿನ ಝೀರೋ ಬ್ಯಾಲೆನ್ಸ್ ನಡೆಯುತ್ತದೆ. ಕೆಲವು ತಿಂಗಳು ಸಂಬಳ ಬೀಳದಿದ್ದರೆ ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡುತ್ತಾರೆ. ಮೆಸೇಜೇನೋ ಬಂದಿರುತ್ತದೆ, ಇಂಗ್ಲಿಷಿನಲ್ಲಿ. ಯಾರು ಓದುತ್ತಾರೆ, ಅಲ್ವಾ?

ನಿಮ್ಮ ಹಿಡಿತ ಇರುವುದು ಇಲ್ಲೇ. ರಿಸರ್ವ್ ಬ್ಯಾಂಕ್ 2014ರಲ್ಲಿ ತಂದ ನಿಯಮ 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬ್ಯಾಲೆನ್ಸ್ ಕಡಿಮೆಯಾದರೆ ಮೊದಲು ತಿಳಿಸಬೇಕು, ತುಂಬಲು ಕನಿಷ್ಠ ಒಂದು ತಿಂಗಳು ಕೊಡಬೇಕು. ಎಷ್ಟು ಕಡಿಮೆಯಿದೆಯೋ ಅದಕ್ಕೆ ತಕ್ಕಷ್ಟೇ ಶುಲ್ಕ. ಮುಖ್ಯವಾಗಿ, ಈ ಶುಲ್ಕದಿಂದಾಗಿ ಖಾತೆ ಮೈನಸ್ ಆಗಬಾರದು. ಬ್ಯಾಂಕಿಗೆ ಅರ್ಜಿ ಬರೆದು ಆ 236 ವಾಪಸ್ ಕೇಳಿ. ಬೌನ್ಸ್ ಶುಲ್ಕಕ್ಕೆ ಈ ರಕ್ಷಣೆ ಇಲ್ಲ. ಆದರೂ ಒಂದೇ ಕಂತಿಗೆ ಎರಡು ಸಲ ಹಾಕಿದ್ದೀರಿ, ಒಂದಾದರೂ ಬಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಮ್ಯಾನೇಜರ್ ಮನಸ್ಸು ಮಾಡಿದರೆ ಬಿಡಬಹುದು.

ಅದೇ ಅರ್ಜಿಯಲ್ಲಿ ಖಾತೆಯನ್ನು ಬೇಸಿಕ್ ಉಳಿತಾಯ ಖಾತೆಯಾಗಿ ಬದಲಿಸಲು ಬರೆಯಿರಿ. ಅದಕ್ಕೆ ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡ್ ಉಚಿತ, ತಿಂಗಳಿಗೆ ನಾಲ್ಕು ಸಲವಾದರೂ ದುಡ್ಡು ತೆಗೆಯಲು ಶುಲ್ಕವಿಲ್ಲ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಮಾತ್ರ ಇರಬಾರದು. ಬದಲಿಸಲು ಒಪ್ಪದಿದ್ದರೆ ಬಾಕಿ ತೀರಿಸಿ ಬೇರೆ ಬ್ಯಾಂಕಿಗೆ ಹೋಗಿ. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್‌ನಲ್ಲಿ ಉಳಿತಾಯ ಖಾತೆಗಳಿಗೆ ಮಿನಿಮಮ್ ಬ್ಯಾಲೆನ್ಸ್ ದಂಡವನ್ನೇ ಕೈಬಿಟ್ಟಿವೆ.

ಕಂತಿನ ವಿಷಯ ಸಾಲ ಕೊಟ್ಟವರ ಹತ್ತಿರವೇ ಮಾತಾಡಬೇಕು. ಕೈಗೆ ದುಡ್ಡು ಬರುವ ದಿನದ ಆಚೆಗೆ ಕಂತಿನ ತಾರೀಕು ಹಾಕಿಸಿಕೊಳ್ಳಿ. ಖಾತೆಯಿಂದ ಕಟ್ ಆಗುವುದನ್ನು ಸುಮ್ನೆ ನಿಲ್ಲಿಸಿದರೆ ಸಾಲ ನಿಲ್ಲುವುದಿಲ್ಲ, ಬಡ್ಡಿ ಬೆಳೆಯುತ್ತದೆ.

ಅರ್ಜಿಯ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಬಹುದು. ಖರ್ಚಿಲ್ಲ, ವಕೀಲರೂ ಬೇಡ. ದೂರು ಹೇಗೆ ಕೊಡುವುದೆಂದು ತಿಳಿಯಲು 14448ಕ್ಕೆ ಫೋನ್ ಮಾಡಿ, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.