ಕೆಮೆಮ್‌ಲೀಕ್ ಸುಮ್ಮನಿದ್ದರೆ ಲೀಕ್ ಇಲ್ಲವೆಂದಲ್ಲ: ಒಬ್ಬ ಲೇಖಕರಿಗೆ ಉತ್ತರ

ನಮಸ್ಕಾರ.

‘ಆಡಿಯೋ ಡ್ರೈವರ್‌ನಲ್ಲಿ ಮೆಮೊರಿ ಲೀಕ್ ಹುಡುಕುವುದು’ ಎಂಬ ನಿಮ್ಮ ಲೇಖನವನ್ನೂ ಜೊತೆಗಿದ್ದ ಕೋಡನ್ನೂ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗೆಂದು ಕೈಬಿಡುವ ಬರಹವೂ ಅಲ್ಲ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಕೈಯಾಡಿಸಿ, ಅದನ್ನು ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ಒಂದು ಸಾಲಿನಲ್ಲಿ ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇವೆ.

ನೀವು ಹೇಳಿರುವುದು ಇಷ್ಟು. 512 ಎಂಬಿ ಮೆಮೊರಿಯ ಲಿನಕ್ಸ್ ಬೋರ್ಡಿಗೆ ನೀವೇ ಆಲ್ಸಾ (ಲಿನಕ್ಸ್ ಕರ್ನಲ್‌ನ ಧ್ವನಿ ವ್ಯವಸ್ಥೆ) ಡ್ರೈವರ್ ಬರೆದಿದ್ದೀರಿ. ಐದೈದು ಸೆಕೆಂಡಿಗೊಂದು ಬೀಪ್ ನುಡಿಸುತ್ತ ಬಿಟ್ಟರೆ ಖಾಲಿ ಮೆಮೊರಿ ಇಳಿಯುತ್ತ ಹೋಗುತ್ತದೆ, ಅಂದರೆ ಪಡೆದ ಮೆಮೊರಿ ಹಿಂದಿರುಗದೆ ಲೀಕ್ ಆಗುತ್ತಿದೆ. ಕರ್ನಲ್‌ನಲ್ಲಿ ಲೀಕ್ ಹುಡುಕುವ ಉಪಕರಣವಾದ ಕೆಮೆಮ್‌ಲೀಕ್ ಓಡಿಸಿದಾಗ ಏನೂ ಸಿಗಲಿಲ್ಲ. ಎ-ಪ್ಲೇ ಎಂಬ ಚಿಕ್ಕ ಪ್ರೋಗ್ರಾಂ ಮೂಲಕ ಒಂದೊಂದೇ ಫೈಲ್ ನುಡಿಸಿದರೆ ತೊಂದರೆಯಿಲ್ಲ, ಸೌಂಡ್ ಸರ್ವರ್ (ಎಲ್ಲ ಪ್ರೋಗ್ರಾಂಗಳ ಧ್ವನಿಯನ್ನು ಬೆರೆಸಿ ಸಾಧನಕ್ಕೆ ಕಳಿಸುವ ಪ್ರೋಗ್ರಾಂ) ಇದ್ದಾಗ ಮಾತ್ರ ಇಳಿಯುತ್ತದೆ. ಹಾಗಾಗಿ ಡ್ರೈವರ್ ಸರಿ, ತಪ್ಪು ಸೌಂಡ್ ಸರ್ವರ್‌ನದು ಎಂದು ತೀರ್ಮಾನಿಸಿದ್ದೀರಿ. ಕೊನೆಗೆ, ಲೀಕ್ ಆಗದಿರಲು ಎಲ್ಲ ಕಡೆ ಡೆವ್‌ಎಂ (ಪಡೆದದ್ದನ್ನು ಕರ್ನಲ್ ತಾನೇ ಬಿಡುಗಡೆ ಮಾಡುವ) ಫಂಕ್ಷನ್‌ಗಳನ್ನೇ ಬಳಸಿ ಎಂದು ಓದುಗರಿಗೆ ಸಲಹೆ ಕೊಟ್ಟಿದ್ದೀರಿ.

ನಿಮ್ಮ ಗಮನಿಕೆಗಳೆಲ್ಲ ಸರಿ, ಅವುಗಳಿಂದ ಎಳೆದ ತೀರ್ಮಾನಗಳು ಮಾತ್ರ ತಪ್ಪು. ಲೀಕ್ ಇರುವುದು ನಿಮ್ಮ ಡ್ರೈವರ್‌ನಲ್ಲೇ, ನುಡಿಸುವ ಮೊದಲು ಆಲ್ಸಾ ಕರೆಯುವ ಪ್ರಿಪೇರ್ ಫಂಕ್ಷನ್‌ನ ಒಳಗೆ.

ಆ ಫಂಕ್ಷನ್ ನೋಡಿ. ಪ್ರತಿ ಸಲ ಕರೆದಾಗಲೂ ಅದು ಡಿಎಂಎಗೆ (ಪ್ರೊಸೆಸರ್ ನಡುವೆ ಬರದೆ ಸಾಧನವೇ ಮೆಮೊರಿಯನ್ನು ಮುಟ್ಟುವ ವಿಧಾನಕ್ಕೆ) ಮೆಮೊರಿ ಕೊಡುವ ಡಿಎಂಎ ಅಲಾಕ್ ಕೊಹೆರೆಂಟ್‌ನಿಂದ ಹೊಸ ಬಫರ್ ಪಡೆದು, ವಿಳಾಸವನ್ನು ಒಂದೇ ಪಾಯಿಂಟರ್‌ನಲ್ಲಿ ಇಡುತ್ತದೆ. ಬಿಟ್ಟುಕೊಡುವ ಫಂಕ್ಷನ್ ಆದ ಎಚ್‌ಡಬ್ಲ್ಯೂ ಫ್ರೀ ಬಂದಾಗ ಆ ಪಾಯಿಂಟರ್‌ನಲ್ಲಿರುವ ಒಂದು ಬಫರ್ ಮಾತ್ರ ಹಿಂದಕ್ಕೆ ಹೋಗುತ್ತದೆ. ಪ್ರಿಪೇರ್ ಎರಡು ಸಲ ಬಂದರೆ ಮೊದಲನೆಯದರ ವಿಳಾಸ ಅಳಿಸಿಹೋಯಿತು, ಬಫರ್ ಅಲ್ಲೇ ಉಳಿಯಿತು. ಎ-ಪ್ಲೇ ಒಂದು ಫೈಲ್ ನುಡಿಸಿ ಮುಚ್ಚುವ ಸಾದಾ ಓಟದಲ್ಲಿ ಪ್ರಿಪೇರ್ ಒಂದೇ ಸಲ ಬರುತ್ತದೆ, ಆದ್ದರಿಂದ ಲೆಕ್ಕ ಸರಿಹೋಗುತ್ತದೆ. ಸೌಂಡ್ ಸರ್ವರ್ ಸಾಧನವನ್ನು ತೆರೆದೇ ಇಟ್ಟುಕೊಂಡು ಬೀಪ್ ಮುಗಿದಾಗ ನಿಲ್ಲಿಸಿ ಮುಂದಿನ ಬೀಪ್‌ಗೆ ಮತ್ತೆ ಪ್ರಿಪೇರ್ ಕರೆಯುತ್ತದೆ. ಅಂಡರ್‌ರನ್ ಆದಾಗಲೂ (ಸಮಯಕ್ಕೆ ಡೇಟಾ ಬರದೆ ಬಫರ್ ಬರಿದಾದಾಗ) ಚೇತರಿಕೆಗೆ ಕರೆಯುವುದು ಪ್ರಿಪೇರನ್ನೇ. ಸರ್ವರ್ ಮಾಡಿದ್ದರಲ್ಲಿ ತಪ್ಪೇನಿಲ್ಲ. ಧ್ವನಿಯ ಅಳತೆಗಳನ್ನು ಹೊಂದಿಸುವ ಎಚ್‌ಡಬ್ಲ್ಯೂ ಪ್ಯಾರಮ್ಸ್ ಮತ್ತು ಪ್ರಿಪೇರ್ ಎರಡೂ ಒಂದಕ್ಕಿಂತ ಹೆಚ್ಚು ಸಲ ಬರಬಹುದು, ಎಚ್‌ಡಬ್ಲ್ಯೂ ಫ್ರೀ ಕೂಡ ಬರಬಹುದು, ಅದಕ್ಕೆ ತಕ್ಕಂತೆ ಬರೆಯಿರಿ ಎಂದು ಕರ್ನಲ್‌ನ ಆಲ್ಸಾ ಡ್ರೈವರ್ ದಾಖಲೆಯೇ ಎಚ್ಚರಿಸುತ್ತದೆ.

ಲೆಕ್ಕ ಹಾಕಿ ನೋಡಿ, ಈ ಲೆಕ್ಕ ನಿಮ್ಮ ಲೇಖನದಲ್ಲಿ ಇರಲೇಬೇಕಿತ್ತು. 16 ಬಿಟ್ ಸ್ಟೀರಿಯೋದಲ್ಲಿ ಒಂದು ಫ್ರೇಮ್ (ಎರಡೂ ಚಾನೆಲ್‌ನ ಒಂದೊಂದು ಸ್ಯಾಂಪಲ್) 4 ಬೈಟ್. 1024 ಫ್ರೇಮ್‌ನ ಒಂದು ಪೀರಿಯಡ್ (ಬಫರ್‌ನ ಒಂದು ಭಾಗ) 4096 ಬೈಟ್, ನಾಲ್ಕು ಪೀರಿಯಡ್ ಸೇರಿ ಒಂದು ಬಫರ್ 16 ಕೆಬಿ. ಐದು ಸೆಕೆಂಡಿಗೊಂದು ಬೀಪ್ ಎಂದರೆ ದಿನಕ್ಕೆ 17,280. ಗುಣಿಸಿದರೆ ದಿನಕ್ಕೆ 270 ಎಂಬಿ. ನಿಮ್ಮ ಬೋರ್ಡ್ ಎರಡನೇ ದಿನ ನಿಂತುಹೋಗುತ್ತದೆ ಎಂದು ನೀವೇ ಬರೆದಿದ್ದೀರಿ, ಅದು ಈ ಅಂಕಿಗೆ ಹೊಂದುತ್ತದೆ. ‘ಕೆಲವೊಮ್ಮೆ ಮೆಮೊರಿ ಜಾಸ್ತಿ ಬಳಕೆಯಾಗುತ್ತದೆ’ ಎಂಬ ನಿಮ್ಮ ಸಾಲಿನ ಜಾಗದಲ್ಲಿ ಈ ಗುಣಾಕಾರ ಬರಲಿ. ಸೋರಿದ ಮೊತ್ತವನ್ನು ಘಟನೆಗಳ ಸಂಖ್ಯೆಯಿಂದ ಭಾಗಿಸಿದಾಗ ಡ್ರೈವರ್‌ನ ಒಂದು ಬಫರ್ ಅಥವಾ ಒಂದು ಸ್ಟ್ರಕ್ಟ್‌ನ (ಡೇಟಾ ಗುಂಪಿನ) ಅಳತೆ ಸಿಕ್ಕರೆ, ಅರ್ಧ ಕೆಲಸ ಮುಗಿದಂತೆ.

ಹಾಗಾದರೆ ಕೆಮೆಮ್‌ಲೀಕ್ ಏಕೆ ಸುಮ್ಮನಿತ್ತು? ಲೇಖನದ ಹೃದಯ ಇದೇ ಆಗಬೇಕು, ನೀವು ಇದನ್ನು ಮುಟ್ಟಿಯೇ ಇಲ್ಲ. ಕೆಮೆಮ್‌ಲೀಕ್ ಕೆ-ಮ್ಯಾಲಾಕ್, ವಿ-ಮ್ಯಾಲಾಕ್, ಕೆಮೆಮ್ ಕ್ಯಾಶ್ ಅಲಾಕ್ ಎಂಬ ಮೆಮೊರಿ ಕೊಡುವ ಫಂಕ್ಷನ್‌ಗಳಿಂದ ಹೋದ ತುಂಡುಗಳನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಮೆಮೊರಿಯನ್ನೆಲ್ಲ ಜಾಲಾಡಿ, ಯಾವ ತುಂಡಿನತ್ತ ಯಾವ ಪಾಯಿಂಟರೂ ತೋರುತ್ತಿಲ್ಲವೋ ಅದನ್ನು ವರದಿ ಮಾಡುತ್ತದೆ. ಮೆಮೊರಿಯನ್ನು ಪುಟಗಳ ಲೆಕ್ಕದಲ್ಲಿ ಹಂಚುವ ಪೇಜ್ ಅಲೊಕೇಟರ್‌ನಿಂದ ನೇರ ಪಡೆದ ಪುಟಗಳು ಅದರ ಪಟ್ಟಿಯಲ್ಲೇ ಇರುವುದಿಲ್ಲ. ಆಡಿಯೋ ಡ್ರೈವರ್‌ನಲ್ಲಿ ದೊಡ್ಡ ಮೊತ್ತದ ಮೆಮೊರಿ ಎಂದರೆ ಡಿಎಂಎ ಬಫರ್, ಅದು ಬರುವುದು ಸಾಮಾನ್ಯವಾಗಿ ಪುಟಗಳಾಗಿಯೇ. ಅಂದರೆ ಆಡಿಯೋದಲ್ಲಿ ಎಲ್ಲಕ್ಕಿಂತ ಭಾರವಾದ ಲೀಕ್ ಈ ಉಪಕರಣಕ್ಕೆ ಕಾಣುವುದೇ ಇಲ್ಲ. ಸಣ್ಣ ಸ್ಟ್ರಕ್ಟ್‌ಗಳ ವಿಷಯದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅಲ್ಲೂ ಒಂದು ಮಾತು ಸೇರಿಸಿ: ತಾನೇ ತಾನಾಗಿ ಸ್ಕ್ಯಾನ್ ಆಗುವುದು 10 ನಿಮಿಷಕ್ಕೊಮ್ಮೆ. ಪರೀಕ್ಷೆಗೆ ಮುಂಚೆ ಕೆಮೆಮ್‌ಲೀಕ್ ಫೈಲಿಗೆ ಕ್ಲಿಯರ್ ಬರೆದು, ಓಟ ಮುಗಿದ ಮೇಲೆ ಕೆಲವು ಸೆಕೆಂಡ್ ಕಾದು, ಸ್ಕ್ಯಾನ್ ಅನ್ನು ಕೈಯಿಂದ ಎರಡು ಸಲ ಬರೆಯಬೇಕು. ತೀರಾ ಹೊಸ ತುಂಡುಗಳನ್ನು ಅದು ಕೂಡಲೇ ವರದಿ ಮಾಡುವುದಿಲ್ಲ.

ಡಿಎಂಎ ಬಫರ್‌ಗೆ ಬೇಕಾದ ಉಪಕರಣ ಬೇರೆ. ಕರ್ನಲ್ ಕಟ್ಟುವಾಗ ಡಿಎಂಎ ಎಪಿಐ ಡೀಬಗ್ ಆಯ್ಕೆ ಹಾಕಿ. ಡ್ರೈವರನ್ನು ಸಾಧನದಿಂದ ಅನ್‌ಬೈಂಡ್ ಮಾಡಿದಾಗ (ಬಿಡಿಸಿದಾಗ) ಹಿಂದಿರುಗಿಸದೆ ಉಳಿದ ಡಿಎಂಎ ಬಫರ್ ಇದ್ದರೆ, ಎಷ್ಟು ಉಳಿದಿವೆ ಎಂಬ ಎಣಿಕೆಯೊಂದಿಗೆ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ. ನಿಮ್ಮ ಡ್ರೈವರ್‌ನಲ್ಲಿ ತೆರೆದು, 100 ಸಲ ಪ್ರಿಪೇರ್ ಕರೆದು, ಮುಚ್ಚಿ ಅನ್‌ಬೈಂಡ್ ಮಾಡಿದರೆ ಆ ಎಣಿಕೆ 99 ಬರಬೇಕು, ಏಕೆಂದರೆ ಕೊನೆಯದನ್ನು ಎಚ್‌ಡಬ್ಲ್ಯೂ ಫ್ರೀ ಬಿಟ್ಟುಕೊಟ್ಟಿರುತ್ತದೆ. ಈ ಒಂದು ಅಂಕಿ ಲೇಖನದಲ್ಲಿ ಬಂದರೆ ಓದುಗನಿಗೆ ಬೇರೆ ವಾದ ಬೇಕಿಲ್ಲ. ಪುಟಗಳನ್ನು ಯಾರು ಪಡೆದರು ಎಂದು ತಿಳಿಯಲು ಪೇಜ್ ಓನರ್ ಇದೆ. ಅದನ್ನು ಕರ್ನಲ್‌ನಲ್ಲಿ ಸೇರಿಸಿದರಷ್ಟೇ ಸಾಲದು, ಬೂಟ್ ಸಾಲಿನಲ್ಲೂ ಆನ್ ಮಾಡಬೇಕು. 6.10 ಅಥವಾ ಅದಕ್ಕಿಂತ ಹೊಸ ಕರ್ನಲ್ ಆದರೆ ಮೆಮೊರಿ ಅಲೊಕೇಶನ್ ಪ್ರೊಫೈಲಿಂಗ್ ಹಾಕಿ, ಪ್ರಾಕ್‌ನ ಅಲಾಕ್‌ಇನ್ಫೋ ಫೈಲನ್ನು ಓಟಕ್ಕೆ ಮೊದಲೂ ನಂತರವೂ ಉಳಿಸಿಕೊಂಡು ಹೋಲಿಸಬಹುದು. ಕೋಡ್‌ನ ಯಾವ ಸಾಲು ಎಷ್ಟು ಬೈಟ್ ಹಿಡಿದಿದೆ ಎಂದು ಅದು ಹೇಳುತ್ತದೆ.

ಈಗ ನಿಮ್ಮ ಡೆವ್‌ಎಂ ಸಲಹೆ. ಇದನ್ನು ದಯವಿಟ್ಟು ತೆಗೆದುಹಾಕಿ, ಏಕೆಂದರೆ ಇದನ್ನು ನಂಬಿದ ಓದುಗ ಇಲ್ಲದ ಲೀಕನ್ನು ಹೊಸದಾಗಿ ತಂದುಕೊಳ್ಳುತ್ತಾನೆ. ಡೆವ್‌ಎಂ ಮೂಲಕ ಪಡೆದ ಮೆಮೊರಿಗೆ ಸಾಧನದ ಆಯುಸ್ಸು. ಡ್ರೈವರ್ ಸಾಧನವನ್ನು ಬಿಟ್ಟಾಗ ಮಾತ್ರ ಅದು ಬಿಡುಗಡೆ. ಡ್ರೈವರ್ ಸಾಧನಕ್ಕೆ ಸೇರುವಾಗ ಓಡುವ ಪ್ರೋಬ್‌ನಲ್ಲಿ ಒಮ್ಮೆ ಪಡೆಯುವುದಕ್ಕೆ ಅದು ಒಳ್ಳೆಯ ವ್ಯವಸ್ಥೆ. ನೀವು ತಿದ್ದಿದ ಕೋಡ್‌ನಲ್ಲಿ ಓಪನ್ ಒಳಗೆ 600 ಬೈಟ್‌ನ ಸ್ಟ್ರಕ್ಟನ್ನು ಡೆವ್‌ಎಂನಿಂದ ಪಡೆದಿದ್ದೀರಿ, ಕ್ಲೋಸ್‌ನಲ್ಲಿ ಏನೂ ಮಾಡಿಲ್ಲ. 600 ಬೈಟ್ ಕೇಳಿದರೂ ಸಿಗುವುದು 1024ರ ತುಂಡು. ಸಾವಿರ ಸಲ ತೆರೆದು ಮುಚ್ಚಿದರೆ ಹತ್ತಿರ ಹತ್ತಿರ 1 ಎಂಬಿ ಹೋಯಿತು. ಇದನ್ನೂ ಕೆಮೆಮ್‌ಲೀಕ್ ಹೇಳುವುದಿಲ್ಲ, ಇಲ್ಲಿ ಕಾರಣ ಮಾತ್ರ ಬೇರೆ: ಸಾಧನದ ಡೆವ್‌ರೆಸ್ ಪಟ್ಟಿ ಆ ತುಂಡುಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಪಾಯಿಂಟರ್ ಕಳೆದಿಲ್ಲ. ಡ್ರೈವರ್ ತೆಗೆದರೆ ಎಲ್ಲವೂ ಹಿಂದಕ್ಕೆ ಹೋಗುವುದರಿಂದ ಆಗಲೂ ಸಾಕ್ಷಿ ಸಿಗದು. ತಿಂಗಳುಗಟ್ಟಲೆ ಬೂಟ್ ಆಗದೆ ಓಡುವ ಪೆಟ್ಟಿಗೆಗಳಲ್ಲಿ ಇಂಥದ್ದು ಕಾಡುತ್ತದೆ.

ಇದನ್ನು ಹಿಡಿಯುವ ದಾರಿ ಎಣಿಕೆ. ಬೂಟ್ ಸಾಲಿನಲ್ಲಿ ಸ್ಲಬ್ (ಕರ್ನಲ್‌ನಲ್ಲಿ ಸಣ್ಣ ತುಂಡುಗಳನ್ನು ಹಂಚುವ ಭಾಗ) ಡೀಬಗ್‌ಗೆ ಯು ಆಯ್ಕೆ ಕೊಟ್ಟರೆ, ಕರ್ನಲ್‌ನ ಡೀಬಗ್ ಫೈಲ್‌ಗಳಿರುವ ಡೀಬಗ್‌ಎಫ್‌ಎಸ್‌ನ ಸ್ಲ್ಯಾಬ್ ಡೈರೆಕ್ಟರಿಯಲ್ಲಿ ಆಯಾ ಅಳತೆಯ ಕ್ಯಾಶ್‌ನ ಕೆಳಗೆ ಅಲಾಕ್ ಟ್ರೇಸಸ್ ಫೈಲ್ ಸಿಗುತ್ತದೆ. ಪ್ರತಿ ಸಾಲಿನ ಮೊದಲಲ್ಲಿ ಸಂಖ್ಯೆ, ಆಮೇಲೆ ಕರೆದ ಫಂಕ್ಷನ್. ನಿಮ್ಮ ಓಪನ್ ಫಂಕ್ಷನ್‌ನ ಸಾಲಿನಲ್ಲಿ ಸರಿಯಾಗಿ 1000 ಕಂಡರೆ ಮಾತು ಮುಗಿಯಿತು. ಬರೀ ಪ್ರಾಕ್‌ನ ಸ್ಲ್ಯಾಬ್‌ಇನ್ಫೋ ಫೈಲ್ ನೋಡಿ ತೀರ್ಮಾನಕ್ಕೆ ಬರಬೇಡಿ. ಅದರ ಬಳಕೆಯ ಎಣಿಕೆ ಅಂದಾಜಿನದು, ಒಂದೇ ಅಳತೆಯ ಕ್ಯಾಶ್‌ಗಳನ್ನು ಕರ್ನಲ್ ಒಂದಾಗಿಸಿಯೂ ಇಟ್ಟಿರುತ್ತದೆ. ಹೆಸರುಗಳು ಬೇರೆ ಬೇರೆ ಕಾಣಬೇಕಾದರೆ ಬೂಟ್ ಸಾಲಿನಲ್ಲಿ ಸ್ಲ್ಯಾಬ್ ನೋಮರ್ಜ್ ಕೊಡಿ.

ಅಳತೆಯ ಕ್ರಮವನ್ನು ಲೇಖನದ ಮೊದಲಿಗೇ ತನ್ನಿ. ನೀವು ನೋಡಿರುವುದು ಪ್ರಾಕ್‌ನಲ್ಲಿ ಮೆಮೊರಿ ಲೆಕ್ಕ ಕೊಡುವ ಮೆಮ್‌ಇನ್ಫೋದ ಮೆಮ್‌ಫ್ರೀ ಸಾಲು. ಫೈಲ್ ಓದಿದರೂ ಅದು ಇಳಿಯುತ್ತದೆ, ಪೇಜ್ ಕ್ಯಾಶ್ (ಓದಿದ ಫೈಲ್‌ಗಳ ನಕಲು) ತುಂಬುವುದು ಸಹಜ. ಮೆಮ್‌ಅವೈಲಬಲ್ ನೋಡಿ. ಅದರ ಜೊತೆ ಎಸ್‌ಅನ್‌ರಿಕ್ಲೇಮ್ (ಕರ್ನಲ್ ಹಿಂಪಡೆಯಲಾಗದ ಸ್ಲ್ಯಾಬ್ ಮೆಮೊರಿ), ವಿ-ಮ್ಯಾಲಾಕ್ ಯೂಸ್ಡ್, ಸಿಎಂಎ (ಡಿಎಂಎಗೆಂದು ಮೀಸಲಿಟ್ಟ ಮೆಮೊರಿ) ಇರುವ ಬೋರ್ಡ್ ಆದರೆ ಸಿಎಂಎ ಫ್ರೀ, ಮತ್ತು ಸೌಂಡ್ ಸರ್ವರ್ ಪ್ರೋಸೆಸ್‌ನ ಆರ್‌ಎಸ್‌ಎಸ್ (ಅದು ಹಿಡಿದಿರುವ ಮೆಮೊರಿ) ಬರೆದಿಟ್ಟುಕೊಳ್ಳಿ. ಆರ್‌ಎಸ್‌ಎಸ್ ಏರಿದ್ದರೆ ಮಾತ್ರ ಸರ್ವರ್ ಮೇಲೆ ಸಂಶಯ ಪಡಬಹುದು, ಆ ಪ್ರೋಸೆಸ್ ಸತ್ತರೆ ಅದರ ಮೆಮೊರಿ ಕರ್ನಲ್‌ಗೆ ವಾಪಸ್ ಬರುತ್ತದೆ. ಎಸ್‌ಅನ್‌ರಿಕ್ಲೇಮ್ ಏರಿದ್ದರೆ ಕೆ-ಮ್ಯಾಲಾಕ್ ಕಡೆ ಹೋಗಿ. ಮೆಮ್‌ಅವೈಲಬಲ್ ಇಳಿಯುತ್ತಿದ್ದು ಬೇರೆ ಯಾವ ಸಾಲೂ ಆ ಇಳಿತವನ್ನು ವಿವರಿಸದಿದ್ದರೆ, ಯಾರೋ ನೇರ ಪುಟಗಳನ್ನು ಪಡೆದು ಬಿಟ್ಟಿಲ್ಲ. ಆ ಪುಟಗಳಿಗೆ ಮೆಮ್‌ಇನ್ಫೋದಲ್ಲಿ ಪ್ರತ್ಯೇಕ ಸಾಲೇ ಇಲ್ಲ. ನಿಮ್ಮದು ಈ ಕೊನೆಯ ಬಗೆ.

ಓಟಗಳನ್ನು ಬೆರೆಸಬೇಡಿ. ತೆರೆದು ಮುಚ್ಚುವುದು 1000 ಸಲ; ಮುಚ್ಚದೆ ಡ್ರಾಪ್ ಮಾಡಿ (ಕೂಡಲೇ ನಿಲ್ಲಿಸಿ) ಮತ್ತೆ ಪ್ರಿಪೇರ್ ಮಾಡುವುದು 1000 ಸಲ; ಅನ್‌ಬೈಂಡ್ ಮಾಡಿ ಬೈಂಡ್ ಮಾಡುವುದು 100 ಸಲ. ಎರಡನೆಯದಕ್ಕೆ ಆಲ್ಸಾ ಲೈಬ್ರರಿ ಬಳಸಿ ಒಂದು ಚಿಕ್ಕ ಸಿ ಪ್ರೋಗ್ರಾಂ ಬರೆದರಾಯಿತು. ಪರೀಕ್ಷೆಗೆ ಮುಂಚೆ ಸೌಂಡ್ ಸರ್ವರ್‌ನ ಸರ್ವಿಸ್ ಜೊತೆ ಅದರ ಸಾಕೆಟ್ ಯೂನಿಟನ್ನೂ ನಿಲ್ಲಿಸಿ, ಇಲ್ಲದಿದ್ದರೆ ಅದು ಮತ್ತೆ ಎದ್ದು ಸಾಧನವನ್ನು ಹಿಡಿಯುತ್ತದೆ. ಮೊದಲ ನೂರು ಸುತ್ತು ಲೆಕ್ಕಕ್ಕೆ ಬೇಡ, ಕ್ಯಾಶ್‌ಗಳು ತುಂಬಿಕೊಳ್ಳಲಿ. ಪ್ರತಿ ಅಳತೆಗೆ ಮುಂಚೆ, ಕ್ಯಾಶ್ ಖಾಲಿ ಮಾಡಿಸುವ ಡ್ರಾಪ್ ಕ್ಯಾಶಸ್ ಫೈಲಿಗೆ 3 ಬರೆಯಿರಿ. 1000, 2000, 3000 ಸುತ್ತಿನ ಅಂಕಿಗಳು ಒಂದೇ ಅಂತರದಲ್ಲಿ ಏರಿದರೆ ಅದು ಲೀಕ್. ಒಮ್ಮೆ ಏರಿ ನಿಂತರೆ ಅಲ್ಲ.

ಮೂರನೇ ಓಟವನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತೇವೆ. ಎಂಬೆಡೆಡ್ ಬೋರ್ಡ್‌ಗಳಲ್ಲಿ ಕೋಡೆಕ್ (ಡಿಜಿಟಲ್ ಧ್ವನಿಯನ್ನು ಅನಲಾಗ್ ಮಾಡುವ ಚಿಪ್) ಇನ್ನೂ ಸಿದ್ಧವಿಲ್ಲದಿದ್ದರೆ ಪ್ರೋಬ್ ‘ಆಮೇಲೆ ಬಾ’ ಎಂಬ ಎರರ್ ಕೋಡ್ ಹಿಂದಿರುಗಿಸುತ್ತದೆ, ಕರ್ನಲ್ ಅದನ್ನು ಮತ್ತೆ ಮತ್ತೆ ಕರೆಯುತ್ತದೆ. ಆ ಎರರ್ ದಾರಿಯಲ್ಲಿ ಮೆಮೊರಿ ಬಿಡುವ ಒಂದು ಕೆ-ಫ್ರೀ ಅಥವಾ ಡಿವೈಸ್ ಟ್ರೀ (ಬೋರ್ಡಿನ ಸಾಧನಗಳ ವಿವರಣೆ) ನೋಡನ್ನು ಬಿಟ್ಟುಕೊಡುವ ಒಂದು ಪುಟ್ ಮರೆತಿದ್ದರೆ ಬೂಟ್ ಆಗುವಾಗಲೇ ಸೋರಿಕೆ ಶುರು. ಎರರ್ ದಾರಿಗಳನ್ನು ಒರೆಗೆ ಹಚ್ಚಲು ಫಾಲ್ಟ್ ಇಂಜೆಕ್ಷನ್‌ನ ಫೇಲ್-ಎನ್‌ತ್ ಫೈಲ್ ಇದೆ: 1, 2, 3 ಎಂದು ಬರೆಯುತ್ತ ಹೋದರೆ ಆ ಟಾಸ್ಕ್‌ನ ಅಷ್ಟನೇ ಅಲೊಕೇಶನ್ ಬೇಕೆಂದೇ ಸೋಲುತ್ತದೆ. ಇಲ್ಲೊಂದು ಬಲೆಯಿದೆ. ಸ್ಲ್ಯಾಬ್ ಅಲೊಕೇಶನ್‌ಗಳನ್ನು ಸೋಲಿಸುವ ಫೇಲ್‌ಸ್ಲ್ಯಾಬ್‌ನ ಇಗ್ನೋರ್-ಜಿಎಫ್‌ಪಿ-ವೇಟ್ ಆಯ್ಕೆ ಮೊದಲಿಗೆ ವೈ ಆಗಿರುತ್ತದೆ. ಹಾಗೇ ಬಿಟ್ಟರೆ ಜಿಎಫ್‌ಪಿ ಕರ್ನಲ್ ಬಗೆಯ (ಮೆಮೊರಿಗಾಗಿ ಕಾಯಬಲ್ಲ) ಅಲೊಕೇಶನ್‌ಗಳು ಸೋಲುವುದೇ ಇಲ್ಲ. ಪರೀಕ್ಷೆ ಪಾಸಾದಂತೆ ಕಾಣುತ್ತದೆ, ನಿಜದಲ್ಲಿ ನಡೆದೇ ಇರುವುದಿಲ್ಲ. ಅದನ್ನು ಎನ್ ಮಾಡಿ.

ಪರಿಹಾರದ ಭಾಗ ಚಿಕ್ಕದಿರಲಿ. ಬಫರನ್ನು ಕೈಯಾರೆ ಪಡೆಯುವುದನ್ನೇ ಬಿಟ್ಟು, ಪಿಸಿಎಂ (ಆಲ್ಸಾದ ಧ್ವನಿ ಸಾಧನ) ಸೃಷ್ಟಿಸುವಾಗ ಮ್ಯಾನೇಜ್ಡ್ ಬಫರ್ ಫಂಕ್ಷನ್ ಒಮ್ಮೆ ಕರೆದರೆ ಸಾಕು. ಕರ್ನಲ್ 5.5ರಿಂದ ಇದು ಇದೆ, ಪಡೆಯುವುದು ಬಿಡುವುದು ಎರಡನ್ನೂ ಆಲ್ಸಾ ನೋಡಿಕೊಳ್ಳುತ್ತದೆ. ಓಪನ್‌ನ ಸ್ಟ್ರಕ್ಟನ್ನು ಸಾದಾ ಕೆ-ಝಡ್‌ಅಲಾಕ್‌ನಿಂದ ಪಡೆದು ಕ್ಲೋಸ್‌ನಲ್ಲಿ ಬಿಡಿ, ಇಲ್ಲವೇ ಮುಚ್ಚುವಾಗ ಆಲ್ಸಾ ತಾನೇ ಕರೆಯುವ ರನ್‌ಟೈಮ್‌ನ ಪ್ರೈವೇಟ್ ಫ್ರೀಗೆ ಒಪ್ಪಿಸಿ. ನಿಮ್ಮ ವಾಲ್ಯೂಮ್ ಕಂಟ್ರೋಲ್‌ನಲ್ಲೂ ಪ್ರೈವೇಟ್ ಡೇಟಾ ಇದೆ, ಪ್ರೈವೇಟ್ ಫ್ರೀ ಇಲ್ಲ. ಕಾರ್ಡ್ ತೆಗೆದಾಗಲೆಲ್ಲ ಅಲ್ಲೊಂದು ತುಂಡು ಉಳಿಯುತ್ತದೆ. ಹಾಗೆಂದು ಕಂಟ್ರೋಲ್ ಸೇರಿಸುವುದು ವಿಫಲವಾದಾಗ ನೀವೇ ಆ ಕಂಟ್ರೋಲನ್ನು ಬಿಡಲು ಹೋಗಬೇಡಿ. ಆ ಫಂಕ್ಷನ್ ಸೋತಾಗ ತಾನೇ ಬಿಟ್ಟಿರುತ್ತದೆ, ಎರಡನೇ ಸಲ ಬಿಟ್ಟರೆ ಕರ್ನಲ್ ಬೀಳುತ್ತದೆ.

ಯುಎಸ್‌ಬಿ ಆಡಿಯೋ ಬಗ್ಗೆ ನೀವು ಬರೆದ ಪ್ಯಾರಾ ಉಳಿಯಲಿ. ಯುಆರ್‌ಬಿ (ಯುಎಸ್‌ಬಿ ವರ್ಗಾವಣೆಯ ಕೋರಿಕೆ) ಫ್ರೀ ಎಂಬುದು ಒಂದು ರೆಫರೆನ್ಸ್ ಇಳಿಸುತ್ತದೆ ಅಷ್ಟೇ, ಆಂಕರ್ ಮಾಡಿದ್ದರೆ (ಪಟ್ಟಿಗೆ ಕಟ್ಟಿದ್ದರೆ) ಅದರದ್ದೊಂದು ರೆಫರೆನ್ಸ್ ಇನ್ನೂ ಇರುತ್ತದೆ ಎಂದು ಅದಕ್ಕೆ ಸೇರಿಸಿ. ಹಾಡು ನುಡಿಯುತ್ತಿರುವಾಗಲೇ ಕೇಬಲ್ ಎಳೆದು ನೋಡಲು ಹೇಳಿ. ವಿಂಡೋಸ್ ಭಾಗವನ್ನು ಪೂರ್ತಿ ತೆಗೆಯಿರಿ. ಪೂಲ್‌ಮಾನ್, ಪೂಲ್ ಟ್ಯಾಗ್, ಡ್ರೈವರ್ ವೆರಿಫೈಯರ್ ಇವು ಬೇರೆಯೇ ಲೇಖನ ಬೇಡುವ ವಿಷಯ. ವಿಂಡೋಸ್‌ನ ಆಡಿಯೋಡಿಜಿ ಪ್ರೋಸೆಸ್ ಉಬ್ಬಿದ್ದನ್ನು ಕರ್ನಲ್ ಡ್ರೈವರ್‌ನ ಲೀಕ್ ಎಂದು ನೀವು ಹೇಳಿರುವುದೂ ಸರಿಯಲ್ಲ. ಅದು ಯೂಸರ್ ಮೋಡ್‌ನ (ಕರ್ನಲ್ ಹೊರಗಿನ) ಪ್ರೋಸೆಸ್, ಅಲ್ಲಿ ಮೊದಲು ನೋಡಬೇಕಾದ್ದು ಅದರೊಳಗೆ ಓಡುವ ಆಡಿಯೋ ಎಫೆಕ್ಟ್ ಡಿಎಲ್‌ಎಲ್‌ಗಳನ್ನು.

ಬರವಣಿಗೆ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಧ್ವನಿಮುದ್ರಣದ ಇತಿಹಾಸ ಹೇಳುವ ಮೊದಲ ಮೂರು ಪ್ಯಾರಾ ಬೇಡ, ಬೋರ್ಡ್ ನಿಂತುಹೋದದ್ದರಿಂದಲೇ ಶುರುಮಾಡಿ. ನಿಮ್ಮ ವಾಕ್ಯಗಳು ಸರಳವಾಗಿವೆ, ಹಾಗೇ ಇರಲಿ. ತಿದ್ದಿದ ಪ್ರತಿಯಲ್ಲಿ ಕರ್ನಲ್ ಆವೃತ್ತಿ, ಹಾಕಿದ ಕಾನ್ಫಿಗ್ ಆಯ್ಕೆಗಳು, ಮೂರೂ ಓಟಗಳ ಅಂಕಿಗಳು, ಅನ್‌ಬೈಂಡ್ ಮಾಡಿದಾಗ ಬಂದ ಎಚ್ಚರಿಕೆಯ ಸಾಲು ಇರಬೇಕು. ಸರಿಪಡಿಸಿದ ಮೇಲೆ ಅದೇ ಓಟಗಳನ್ನು ಮತ್ತೆ ಮಾಡಿ ಆ ಅಂಕಿಗಳನ್ನೂ ಪಕ್ಕದಲ್ಲಿ ಕೊಡಿ. ಲಾಗ್‌ಗಳನ್ನು ಸ್ಕ್ರೀನಿನ ಫೋಟೋ ತೆಗೆದು ಕಳಿಸದೆ ಪಠ್ಯವಾಗಿ ಕಳಿಸಿ.

— ಸಂಪಾದಕ ಬಳಗ