ಎಷ್ಟನೇ ಪುಟದಲ್ಲಿದ್ದೀರಿ ಅಮ್ಮ?

ಪ್ರಶ್ನೆ: ಮೇಡಂ, ನಮ್ಮ ಅಮ್ಮನಿಗೆ 63 ವರ್ಷ, ನಿವೃತ್ತ ಟೀಚರ್. ಅಪ್ಪ ಹೋದ ಮೇಲೆ ಮಂಕಾಗಿದ್ದಾರೆ. ಡಾಕ್ಟರು ನೋಡಿ, ‘ಡಿಪ್ರೆಶನ್, ಆದರೆ ತೀವ್ರವಾಗಿಲ್ಲ. ಕೌನ್ಸೆಲರ್ ಹತ್ತಿರ ಹೋಗಿ, ಪುಸ್ತಕ ಓದಿಸಿ’ ಎಂದರು. ಐದು ಪುಸ್ತಕ ತಂದುಕೊಟ್ಟೆ. ಎರಡು ತಿಂಗಳಾದರೂ ಮುಟ್ಟಿಲ್ಲ. ‘ಓದಿದ್ದು ತಲೆಗೆ ಹತ್ತಲ್ಲ ಕಣೋ’ ಅಂತಾರೆ. ಓದಿನಿಂದ ಕಾಯಿಲೆ ವಾಸಿಯಾಗುತ್ತಾ?
– ಒಬ್ಬ ಮಗ, ಹಾಸನ

ಉತ್ತರ: ಮೊದಲು ಆ ಐದನ್ನೂ ಬೀರುವಿನೊಳಗೆ ಇಟ್ಟುಬಿಡಿ. ರಾಶಿ ಕಣ್ಣಿಗೆ ಬಿದ್ದಾಗಲೆಲ್ಲ ‘ಇದೂ ನನ್ನ ಕೈಲಾಗಲಿಲ್ಲ’ ಎಂಬ ಕೊರಗು ಜಾಸ್ತಿಯಾಗುತ್ತದೆ.

ಅಮ್ಮ ನೆಪ ಹೇಳುತ್ತಿಲ್ಲ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಗಮನ ನಿಲ್ಲುವುದೇ ಇಲ್ಲ. ನನ್ನ ಅಮ್ಮ ತೀರಿಕೊಂಡ ವರ್ಷ ನನಗೂ ಹೀಗೇ ಆಗಿತ್ತು. ಹದಿನೈದು ವರ್ಷ ಕೌನ್ಸೆಲಿಂಗ್ ಕೆಲಸ ಮಾಡಿದ್ದವಳು ಪೇಪರಿನ ಒಂದು ಸುದ್ದಿಯನ್ನೂ ಕೊನೆತನಕ ಓದಲಾರದೆ ಕೂರುತ್ತಿದ್ದೆ. ಆಗ ಸಹೋದ್ಯೋಗಿಯೊಬ್ಬರು ಒಂದು ಪುಸ್ತಕ ಕೊಟ್ಟು, ಪ್ರತಿ ಗುರುವಾರ ಸಂಜೆ ಏಳಕ್ಕೆ ಫೋನ್ ಮಾಡುತ್ತಿದ್ದರು. ‘ಎಷ್ಟನೇ ಪುಟ?’ ಅಂತ ಶುರು ಮಾಡುತ್ತಿದ್ದರು. ಅವರು ಕೇಳ್ತಾರಲ್ಲ ಅಂತ ಬುಧವಾರ ರಾತ್ರಿ ಎರಡು ಪುಟ ಓದಿರುತ್ತಿದ್ದೆ.

ಪುಸ್ತಕ ಓದಿ ಚೇತರಿಸಿಕೊಳ್ಳುವ ಈ ಚಿಕಿತ್ಸೆಗೆ ಆ ಫೋನೇ ಜೀವ. ಅಮೆರಿಕದ ಅಲಬಾಮಾದ ಮನಶ್ಶಾಸ್ತ್ರಜ್ಞ ಫಾರೆಸ್ಟ್ ಸ್ಕೋಗಿನ್ ಮತ್ತು ಜೊತೆಗಾರರು 60 ದಾಟಿದವರ ಮೇಲೆ ಇದನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದರು. ಖಿನ್ನತೆ ಸೌಮ್ಯ ಇಲ್ಲವೇ ಮಧ್ಯಮ ಮಟ್ಟದಲ್ಲಿದ್ದವರು ಅವರು. ನಾಲ್ಕು ವಾರ ಓದು, ವಾರಕ್ಕೊಮ್ಮೆ ಫೋನ್. ಸುಮ್ನೆ ಕಾದು ಕುಳಿತವರಿಗಿಂತ ಓದಿದವರು ಎಷ್ಟೋ ಚೇತರಿಸಿಕೊಂಡಿದ್ದರು. ಬ್ರಿಟನ್ನಿನ 2022ರ ಸರ್ಕಾರಿ ಮಾರ್ಗಸೂಚಿಯೂ ತೀವ್ರವಲ್ಲದ ಖಿನ್ನತೆಗೆ ಇದನ್ನು ಮೊದಲು ಯೋಚಿಸಿ ಎನ್ನುತ್ತದೆ. ಅಲ್ಲಿ ತರಬೇತಿ ಪಡೆದವರು ಸಾಮಾನ್ಯವಾಗಿ 6ರಿಂದ 8 ಸಲ ಮಾತಾಡುತ್ತಾರೆ.

ಪುಸ್ತಕ ಯಾವುದು? ಕಥೆ, ಕಾದಂಬರಿ ಮನಸ್ಸಿಗೆ ಹಿತ, ಆದರೆ ಇಲ್ಲಿ ಬೇಕಾಗಿರುವುದು ಬರೆಯಲು ಅಭ್ಯಾಸಗಳಿರುವ ಪುಸ್ತಕ. ನನ್ನ ಹತ್ತಿರ ಬರುವ ಒಬ್ಬರ ನೋಟ್‌ಬುಕ್ಕಿನಿಂದ ಒಂದು ದಿನ, ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ನಡೆದದ್ದು: ‘ಮೊಮ್ಮಗ ಫೋನಿನಲ್ಲಿ ಮಾತಾಡಲಿಲ್ಲ.’ ಮನಸ್ಸಿಗೆ ಬಂದದ್ದು: ‘ನಾನು ಯಾರಿಗೂ ಬೇಡ.’ ದುಃಖ: ನೂರಕ್ಕೆ 90. ‘ಇದನ್ನೇ ಬೇರೆ ಥರ ನೋಡಬಹುದೇ?’ ಎಂಬ ಕೊನೆಯ ಕಾಲಂ ಮೂರು ದಿನ ಖಾಲಿ ಇತ್ತು. ಆಮೇಲೆ ಬರೆದಿದ್ದರು: ‘ಅಲ್ಲಿ ರಾತ್ರಿ ಹತ್ತಾಗಿತ್ತು. ಮಗು ನಿದ್ದೆಗಣ್ಣಲ್ಲಿತ್ತು.’ ದುಃಖ: 60. ಆ ಮೂವತ್ತು ಇಳಿದದ್ದನ್ನು ನೋಡಿ ನನಗೆ ಕಣ್ತುಂಬಿ ಬಂತು.

ನೀವು ಅಮ್ಮನಿಗೆ ಪರೀಕ್ಷೆ ಮಾಡುವ ಮೇಷ್ಟರಾಗಬೇಡಿ. ವಾರದ ಮಾತುಕತೆ ಕೌನ್ಸೆಲರ್‌ಗೆ ಬಿಡಿ, ಯಾವ ಪುಸ್ತಕ ಅಂತಲೂ ಅವರನ್ನೇ ಕೇಳಿ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ ಓದು ಶುರುವಾಯ್ತು ಅಂತ ನಿಲ್ಲಿಸಬೇಡಿ. ಊಟ, ನಿದ್ದೆ ತೀರಾ ಕೆಟ್ಟರೆ, ‘ಇದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕೌನ್ಸೆಲರ್ ಹೇಳಿದ ಪುಸ್ತಕ ಬಂದ ದಿನ, ಸಂಜೆ ಕಾಫಿ ಆದ ಮೇಲೆ ಎರಡೇ ಪುಟ ನೀವು ಗಟ್ಟಿಯಾಗಿ ಓದಿ. ಅಮ್ಮ ಟೀಚರ್ ಆಗಿದ್ದವರು ಅಲ್ವಾ, ಕೈಗೊಂದು ಪೆನ್ಸಿಲ್ ಕೊಡಿ. ನಾಲ್ಕು ವಾರ ಬಿಟ್ಟು ನನಗೆ ಬರೆಯಿರಿ.